ಖಡಿ ಮಷಿನ್ನಿಗೆ ಬಿದ್ದ ಪಿತ್ರಾರ್ಜಿತ

ಅಪ್ಪ–ಅಜ್ಜಂದಿರ ಆಸ್ತಿಯಲ್ಲಿ ಮಕ್ಕಳಿಗೆ ಹುಟ್ಟುತ್ತಲೇ ಹಕ್ಕು ಬರುತ್ತದೆ, ಅದನ್ನು ಯಾರೂ ದಾನವಾಗಿ ಕೊಡಬೇಕಾಗಿಲ್ಲ ಎಂದು ಬರೆದಿಟ್ಟ ಗ್ರಂಥ ನಮ್ಮ ಕಲ್ಯಾಣದ್ದು. ಚಾಲುಕ್ಯ ಆರನೆಯ ವಿಕ್ರಮಾದಿತ್ಯ 1076ರಿಂದ 1126ರವರೆಗೆ ಇಲ್ಲಿಂದ ಆಳಿದ. ಅವನ ಕಾಲದಲ್ಲಿ ಇಲ್ಲಿಯೇ ಕುಳಿತು ವಿಜ್ಞಾನೇಶ್ವರ ಮಿತಾಕ್ಷರ ಬರೆದ. ಬಂಗಾಳದ ಕಡೆ ಬಿಟ್ಟರೆ ಹೆಚ್ಚುಕಡಿಮೆ ಇಡೀ ದೇಶದ ಹಿಂದೂ ಮನೆತನಗಳ ಪಾಲು–ಪಟ್ಟಿ, ಜಗಳ–ರಾಜಿ ಎಲ್ಲ ಶತಮಾನಗಟ್ಟಲೆ ಅದರ ಮೇಲೆ ನಡೆದವು. (ಹೆಣ್ಣುಮಕ್ಕಳನ್ನು ಹೊಸ್ತಿಲಾಚೆ ನಿಲ್ಲಿಸಿದ್ದ ಅದರ ತಪ್ಪನ್ನು ತಿದ್ದಲು ಉತ್ತರಾಧಿಕಾರ ಕಾಯ್ದೆಗೆ 2005ರ ತಿದ್ದುಪಡಿ ಬರಬೇಕಾಯಿತು, ಅದನ್ನೂ ಮರೆಯುವುದು ಬೇಡ.) ಆ ಗ್ರಂಥದ ಪ್ರಕಾರ ಮನೆಯ ಯಜಮಾನ ಸ್ಥಿರಾಸ್ತಿಯನ್ನು ಮನಸ್ಸಿಗೆ ಬಂದ ಹಾಗೆ ಮಾರುವಂತಿಲ್ಲ. ಹುಟ್ಟಿದವರ, ಹೊಟ್ಟೆಯೊಳಗಿರುವವರ, ಇನ್ನೂ ಹುಟ್ಟಬೇಕಾದವರ ಅನ್ನ ಅದರಲ್ಲಿದೆ. ಆಪತ್ತು ಬಂದರೆ, ಮನೆತನ ಉಳಿಸಲು ಬೇಕಾದರೆ, ಧರ್ಮಕಾರ್ಯಕ್ಕೆ ಅನಿವಾರ್ಯವಾದರೆ ಮಾತ್ರ ಕೈ ಹಾಕಬಹುದು.

ಹಾಗಾದರೆ ಕೇಳುತ್ತೇನೆ. ಈ ಸೀಮೆಯ ಹೊಲ–ಗುಡ್ಡಗಳಲ್ಲಿ ಎರಡು–ಮೂರು ಸಾವಿರ ವರ್ಷದಿಂದ ನಿಂತಿದ್ದ ಕಲ್ಲುಗಳನ್ನು ಒಡೆದು ಖಡಿ ಮಾಡಿ ರಸ್ತೆಗೆ ಹಾಸುವಂಥ ಯಾವ ಆಪತ್ತು ನಮಗೆ ಬಂದಿತ್ತು? ಶಾಸನದ ಕಲ್ಲನ್ನು ಬಟ್ಟೆ ಒಗೆಯುವ ಬಂಡೆ ಮಾಡಿದರೆ ಯಾವ ಮನೆತನ ಉಳಿಯಿತು? ವೀರಗಲ್ಲಿನ ಮುಖಕ್ಕೆ ಹಸಿರು ಆಯಿಲ್ ಪೇಂಟ್ ಬಳಿದದ್ದು ಯಾವ ಧರ್ಮದ ಕಾರ್ಯ?

ಸೀಗಿ ಹುಣ್ಣಿಮೆ ಹತ್ತಿರ ಬಂದಾಗ ಹುಮನಾಬಾದಿನ ಹೆದ್ದಾರಿಯಲ್ಲಿ ನಿಂತು ನೋಡಿ. ತುಳಜಾಪುರದ ಅಂಬಾಭವಾನಿಗೆ ನಡೆದು ಹೋಗುವವರ ಸಾಲು. ಬೀದರ್, ಕಲಬುರಗಿ ಕಡೆಯವರು, ಜಹೀರಾಬಾದ್ ದಾಟಿ ತೆಲಂಗಾಣದಿಂದ ಬಂದವರು, ಬರಿಗಾಲವರು, ಕಂಕುಳಲ್ಲಿ ಕೂಸು ಹೊತ್ತವರು. ದಸರೆ ಮುಗಿದ ಮೇಲೆ ದೇವಿ ನಿದ್ದೆಗೆ ಹೋಗುತ್ತಾಳೆ, ಹುಣ್ಣಿಮೆಗೆ ಏಳುತ್ತಾಳೆ, ಆಗ ಮುಖ ನೋಡಬೇಕೆಂಬುದು ಹರಕೆ. ‘ಆಯಿ ರಾಜಾ ಉಧೋ ಉಧೋ’ ಅನ್ನುತ್ತ ಸಸ್ತಾಪುರ ಬಂಗ್ಲಾ, ಉಮರ್ಗಾ, ನಳದುರ್ಗ ದಾಟಿ ಹೋಗುವ ಈ ಜನಕ್ಕೆ ದಾರಿಯುದ್ದಕ್ಕೂ ಊಟ, ಚಹಾ, ಕಾಲಿಗೆ ಎಣ್ಣೆ ಕೊಡುವವರಿದ್ದಾರೆ. ಅದರಲ್ಲಿ ನಮ್ಮ ಜನ ಎಂದೂ ಹಿಂದೆ ಬಿದ್ದಿಲ್ಲ. ಆದರೆ ಆ ದಾರಿಯಿಂದ ಎಡಕ್ಕೋ ಬಲಕ್ಕೋ ಹೊರಳಿದರೆ ಏನೇನಿದೆ ಎಂದು ತಿಳಿಸುವ ನೆಟ್ಟಗಿನ ಒಂದು ಫಲಕ ಹಾಕಲು ಯಾವ ಶಾಸಕರಿಗೂ ಪುರುಸೊತ್ತಾಗಿಲ್ಲ. ಶಾಸಕರ ಹುಟ್ಟುಹಬ್ಬದ ಫ್ಲೆಕ್ಸಿಗೆ ಮಾತ್ರ ಪ್ರತಿ ಕಂಬದ ಮೇಲೂ ಜಾಗ.

ಹುಮನಾಬಾದ್ ತಾಲ್ಲೂಕಿನಲ್ಲೇ ಜಲಸಂಗ್ವಿ ಇದೆ. ಸಣ್ಣ ಊರು. ಅಲ್ಲಿಯ ಚಾಲುಕ್ಯ ಗುಡಿಯ ಹೊರಗೋಡೆಯ ಮೇಲೆ ಶಿಲಾಬಾಲಿಕೆಯರು ನಿಂತಿದ್ದಾರೆ. ಅವರಲ್ಲಿ ಒಬ್ಬಳು ಬರೆಯುತ್ತಿದ್ದಾಳೆ. ಮೈಯನ್ನು ಓರೆಯಾಗಿ ತಿರುಗಿಸಿ, ಒಂದು ಕೈ ಎತ್ತಿ ಎದುರಿನ ಫಲಕದ ಮೇಲೆ ಅಕ್ಷರ ಕೊರೆಯುತ್ತಿದ್ದಾಳೆ. ಅವಳು ಬರೆದದ್ದು ವಿಕ್ರಮಾದಿತ್ಯನ ಹೊಗಳಿಕೆ, ಸಂಸ್ಕೃತದಲ್ಲಿ. ಹೊಗಳಿಕೆ ಹಾಗಿರಲಿ, ರಾಜರನ್ನು ಹೊಗಳದ ಕಲ್ಲು ಯಾವುದಿದೆ? ನನಗೆ ಮುಖ್ಯವಾದದ್ದು ಬೇರೆ. ಒಂಬೈನೂರು ವರ್ಷದ ಹಿಂದೆ ಈ ಹಳ್ಳಿಯಲ್ಲಿ ಒಬ್ಬ ಶಿಲ್ಪಿ, ಬರೆಯಬಲ್ಲ ಹೆಣ್ಣನ್ನು ಗುಡಿಯ ಗೋಡೆಯ ಮೇಲೆ ನಿಲ್ಲಿಸಬಹುದು ಎಂದುಕೊಂಡ. ಬೇಲೂರಿನ ಮದನಿಕೆಯರನ್ನು ನೋಡಲು ಬಸ್ಸು ಮಾಡಿಕೊಂಡು ಹೋಗುವ ನಮ್ಮ ಶಾಲೆಯ ಮಕ್ಕಳಿಗೆ, ಅವರಿಗಿಂತ ಹಿರಿಯಳಾದ ಈಕೆ ತಮ್ಮ ತಾಲ್ಲೂಕಿನಲ್ಲೇ ಇದ್ದಾಳೆಂಬುದು ಗೊತ್ತಿಲ್ಲ. ಕಲ್ಯಾಣದ ಮಗ್ಗುಲಿನ ನಾರಾಯಣಪುರದ ಶಿವಾಲಯದ ಕಥೆಯೂ ಇಷ್ಟೇ.

ಇವು ಹೆಸರು ಮಾಡಿದ ಗುಡಿಗಳು; ಹೇಗೋ ಉಳಿದಿವೆ. ಹೆಸರಿಲ್ಲದವುಗಳ ಗತಿ ನೋಡಬೇಕು. ನಮ್ಮ ಕಡೆಯ ಯಾವ ಊರಿಗಾದರೂ ಹೋಗಿ ಹನುಮಪ್ಪನ ಗುಡಿಯ ಹಿಂದೆ ಇಣುಕಿ. ಅರ್ಧ ಮಣ್ಣಲ್ಲಿ ಹೂತ ವೀರಗಲ್ಲು, ಮೂಗು ಹೋದ ಜಿನ, ಕಟ್ಟೆಗೆ ಮೆಟ್ಟಿಲಾದ ಕಂಬ. ದೇವರೆಂದು ಒಪ್ಪಿಕೊಂಡವುಗಳಿಗೆ ಬೇರೆ ಶಿಕ್ಷೆ. ಅದಕ್ಕೆ ಜೀರ್ಣೋದ್ಧಾರ ಎಂದು ಹೆಸರು. ಊರವರು ಪಟ್ಟಿ ಎತ್ತುತ್ತಾರೆ, ಮುಂಬೈ–ಪುಣೆಗೆ ದುಡಿಯಲು ಹೋದವರೂ ರೊಕ್ಕ ಕಳಿಸುತ್ತಾರೆ, ಠೇಕೇದಾರ ಬರುತ್ತಾನೆ. ನೆಲಕ್ಕೆ ಟೈಲ್ಸ್, ಗೋಡೆಗೆ ಸಿಮೆಂಟು, ಶಿಲ್ಪಕ್ಕೆ ಬಣ್ಣ. ಗಾರೆಯ ಸಂದಿನಿಂದ ಬೆವರುತ್ತ, ಒಣಗುತ್ತ ಬಂದ ಕಲ್ಲಿನ ಗೋಡೆಗೆ ಸಿಮೆಂಟು ಮೆತ್ತಿದರೆ ಒಳಗಿನ ತೇವ ಹೊರಗೆ ಬರಲು ದಾರಿಯಿಲ್ಲ. ಅದು ಉಪ್ಪಿನ ಜೊತೆ ಕಲ್ಲಿನ ಮೈಗೇ ನುಗ್ಗಿ ಹಕ್ಕಳೆ ಎಬ್ಬಿಸುತ್ತದೆ. ಆಯಿಲ್ ಪೇಂಟೂ ಅಷ್ಟೇ; ಏಳುವಾಗ ಬರಿಗೈಯಲ್ಲಿ ಏಳುವುದಿಲ್ಲ, ಶಿಲ್ಪದ ಚರ್ಮ ಕಿತ್ತುಕೊಂಡೇ ಏಳುತ್ತದೆ. ಶಾಸನದ ಮೇಲೆ ನಾಲ್ಕು ವರ್ಷ ಯುಗಾದಿಗೊಮ್ಮೆ ಬಣ್ಣ ಬಳಿದು ನೋಡಿ. ಪಡಿಯಚ್ಚು ತೆಗೆಯುವವರು ಒದ್ದೆ ಕಾಗದ ಹಾಸಿ ಬ್ರಷ್ಷಿನಿಂದ ಬಡಿದರೆ ಅಕ್ಷರದ ತಗ್ಗು ಮೂಡುವುದೇ ಇಲ್ಲ. ಕಾಗದದ ತುಂಬ ಮಸಿಯ ಮಡ್ಡಿ. ಆ ಕಲ್ಲಿನಲ್ಲಿ ನಿಮ್ಮ ಊರಿನ ಮೊದಲ ಹೆಸರು ಇತ್ತೋ, ಯಾವ ಕೆರೆಗೆ ಯಾರು ಭೂಮಿ ಬಿಟ್ಟಿದ್ದರೋ, ಇನ್ನು ಓದುವವರಿಲ್ಲ.

ಇದು ಹೊಸ ಚಟವೇನಲ್ಲ ಎಂಬುದೂ ನಿಜ. ಭೀಮಾ ದಂಡೆಯ ಸನ್ನತಿಯಲ್ಲಿ 1986ರಲ್ಲಿ ಕಾಳಿಯ ಗುಡಿಯ ಮೇಲ್ಛಾವಣಿ ಕುಸಿದಾಗ ದೇವಿಯ ಪೀಠದ ಕಲ್ಲು ಹೊರಗೆ ಬಂತು. ಅದರ ಎರಡೂ ಮುಖಗಳಲ್ಲಿ ಅಶೋಕನ ಶಾಸನ. ನಡುವೆ ಮೂರ್ತಿ ಕೂಡಿಸಲು ಕೊರೆದ ತೂತು. ಆ ತೂತಿನಲ್ಲಿ ಹೋದ ಅಕ್ಷರಗಳು ಹೋದವೇ. ಆದರೆ ತೂತು ಕೊರೆದವರಿಗೆ ಬ್ರಾಹ್ಮಿ ಲಿಪಿ ಬರುತ್ತಿರಲಿಲ್ಲ, ಅಶೋಕ ಯಾರೆಂದೂ ಗೊತ್ತಿರಲಿಲ್ಲ. ನಮಗೆ ಎರಡೂ ಗೊತ್ತು. ನಮ್ಮ ಜೇಬಿನಲ್ಲಿ ಕ್ಯಾಮೆರಾ ಇದೆ, ಜಿಲ್ಲೆಗೊಂದು ಕಚೇರಿ ಇದೆ, ಊರೂರಲ್ಲಿ ಇತಿಹಾಸ ಓದಿದ ಪದವೀಧರರಿದ್ದಾರೆ. ಆದರೂ ಡ್ರಿಲ್ ನಿಂತಿಲ್ಲ.

ಇನ್ನು ದೇವರೂ ಆಗದ, ಅಕ್ಷರವೂ ಇಲ್ಲದ ಕಲ್ಲುಗಳಿಗೆ ಬರುತ್ತೇನೆ. ನನ್ನ ಸಿಟ್ಟು ನೆತ್ತಿಗೇರುವುದು ಅಲ್ಲಿಯೇ.

ಬೀದರ್ ಕಡೆ ಕೆಂಪು ಜಂಬಿಟ್ಟಿಗೆ, ಕಪ್ಪು ಕಲ್ಲು. ದಕ್ಷಿಣಕ್ಕೆ ಇಳಿದು ಕಲಬುರಗಿ ದಾಟಿ ಜೇವರ್ಗಿ, ಶಹಾಪುರ, ಸುರಪುರ, ಹುಣಸಗಿ ಮುಟ್ಟಿದರೆ ನೆಲದ ಬಣ್ಣವೇ ಬದಲಾಗುತ್ತದೆ, ಮನುಷ್ಯನ ವಯಸ್ಸೂ ಬದಲಾಗುತ್ತದೆ. ಹುಣಸಗಿ ಪಕ್ಕದ ಇಸಾಂಪುರದಲ್ಲಿ ಪುಣೆಯ ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯ ಮತ್ತು ಸಂಗಡಿಗರು ಅಗೆದಾಗ ಆದಿಮಾನವರು ಕಲ್ಲಿನ ಹತ್ಯಾರ ಮಾಡುತ್ತಿದ್ದ ಜಾಗವೇ ಸಿಕ್ಕಿತು: ಸುಣ್ಣಗಲ್ಲಿನ ಚಪ್ಪಡಿ ಎಬ್ಬಿಸಿ, ಅಲ್ಲಿಯೇ ಕೂತು ಕೈಗೊಡಲಿ ಮಾಡಿದ ಜಾಗ. ಅಲ್ಲಿ ಸಿಕ್ಕ ಪ್ರಾಣಿಯ ಹಲ್ಲಿನ ಕಾಲನಿರ್ಣಯ ಮಾಡಿದರೆ ಸುಮಾರು 12 ಲಕ್ಷ ವರ್ಷ ಎಂದು ಬಂತು. ಆ ಜಾಗ ಕಣ್ಣಿಗೆ ಬಿದ್ದದ್ದಾದರೂ ಹೇಗೆ? ಕೃಷ್ಣಾ ಕಾಲುವೆಯ ಏರಿಗೆಂದು ಮೇಲಿನ ಎರೆಮಣ್ಣು ತೋಡಿ ಒಯ್ದಿದ್ದರಿಂದ. ಇನ್ನೂ ಎರಡು ಮೊಳ ತೋಡಿದ್ದರೆ 12 ಲಕ್ಷ ವರ್ಷ ಟ್ರ್ಯಾಕ್ಟರ್ ಟ್ರಾಲಿ ಹತ್ತಿ ಏರಿಗೆ ಬೀಳುತ್ತಿತ್ತು. ಹಾಗೆ ಬಿದ್ದವು ಎಷ್ಟೋ, ಲೆಕ್ಕ ಇಟ್ಟವರಿಲ್ಲ.

ಅದೇ ತಾಲ್ಲೂಕಿನ ರಾಜನಕೋಳೂರು ಸಣ್ಣ ಹಳ್ಳಿ. ವಿಜಯಪುರ, ತಾಳಿಕೋಟೆ ಕಡೆಯಿಂದ ಯುಗಾದಿ ಮುಂದೆ ಶ್ರೀಶೈಲದ ಮಲ್ಲಯ್ಯನಿಗೆ ಕಂಬಿ ಹೊತ್ತು ನಡೆಯುವವರು ಹಾಯುವ ಸೀಮೆ. ಅಲ್ಲಿ ಗುಡ್ಡದ ಮೇಲೆ ಶಿಲಾಯುಗ ದಾಟಿ ಕಬ್ಬಿಣದ ಕಾಲಕ್ಕೆ ಕಾಲಿಟ್ಟ ಜನ ಸತ್ತವರಿಗಾಗಿ ಕಟ್ಟಿದ ಕಲ್ಲುಮನೆಗಳಿವೆ. ಮೂರು ಕಡೆ ಚಪ್ಪಡಿ ನಿಲ್ಲಿಸಿ, ಮೇಲೆ ಒಂದು ಚಪ್ಪಡಿ ಹೊದಿಸಿದ್ದು; ಕೆಲವಕ್ಕೆ ನಾಲ್ಕನೆಯ ಚಪ್ಪಡಿಯೂ ಉಂಟು, ಅದರ ನಡುವೆ ದುಂಡನೆಯ ಕಿಂಡಿ. ಜನ ಅವನ್ನು ಮೋರೇರ ಮನೆ ಅನ್ನುತ್ತಾರೆ. ಮೋರೇರು ಅಂದರೆ ಹಿಂದೆ ಇಲ್ಲಿದ್ದ ಗಿಡ್ಡ ಜನವಂತೆ. ಈ ಮಾತನ್ನು ಬರೆದುಕೊಂಡವನು ಮೆಡೋಸ್ ಟೇಲರ್, 1841ರಲ್ಲಿ ಸುರಪುರ ಸಂಸ್ಥಾನದ ಆಡಳಿತ ನೋಡಲು ಬಂದ ಇಂಗ್ಲಿಷ್ ಅಧಿಕಾರಿ. ಅವನು ಅಳತೆ ತೆಗೆದ, ಚಿತ್ರ ಬರೆದ, 1850ರ ದಶಕದ ಹೊತ್ತಿಗೆ ಮುಂಬೈಯ ವಿದ್ವತ್ ಪತ್ರಿಕೆಯಲ್ಲಿ ಅಚ್ಚು ಹಾಕಿಸಿದ. ಜೇವರ್ಗಿಯಲ್ಲಿ ಗೋರಿಗಳನ್ನು ಅಗೆದು ಎಲುಬು ಹೊರಗೆ ತೆಗೆದವನೂ ಅವನೇ. ಯಾರನ್ನೂ ಕೇಳಿ ಮಾಡಿದ ಕೆಲಸವಲ್ಲ, ಅದನ್ನೂ ಹೇಳಿಬಿಡುತ್ತೇನೆ. ಆದರೆ ಬರೆದಿಟ್ಟ. ಶಹಾಪುರ ಪಕ್ಕದ ವಿಭೂತಿಹಳ್ಳಿಯಲ್ಲಿ ಆಳೆತ್ತರದ ಗುಂಡುಗಳನ್ನು ಉರುಳಿಸಿ ತಂದು, ಗೆರೆ ಎಳೆದ ಹಾಗೆ ಸಾಲುಸಾಲಾಗಿ ಕೂಡಿಸಿದ್ದನ್ನೂ ಅವನು ಕಂಡಿದ್ದ. ಆಮೇಲೆ ಆಲ್ಚಿನ್ ಎಂಬ ವಿದ್ವಾಂಸ 1956ರಲ್ಲಿ ಈ ಕಲ್ಲುಸಾಲುಗಳ ಮೇಲೆ ಲೇಖನ ಬರೆದ. ಅಂದರೆ ನೂರೆಪ್ಪತ್ತು ವರ್ಷದಿಂದ ಈ ಕಲ್ಲುಗಳು ಏನೆಂದು ಲೋಕಕ್ಕೆ ಗೊತ್ತು. ಗೊತ್ತಿಲ್ಲದ್ದು ನಮ್ಮ ಪಹಣಿಗೆ.

ಗೊತ್ತಿಲ್ಲದ್ದು ಎಂದೆನಲ್ಲ, ಅದು ಹೇಗೆಂದು ಬಿಡಿಸಿ ಹೇಳಬೇಕು. ಹೊಲದ ಪಹಣಿ ತೆಗೆಸಿ ನೋಡಿ. ಸರ್ವೆ ನಂಬರ್, ಒಟ್ಟು ವಿಸ್ತೀರ್ಣ, ಅದರಲ್ಲಿ ಬಿತ್ತಲು ಬಾರದ ಜಾಗ ‘ಖರಾಬ್’ ಎಂದು ಕಳೆದಿರುತ್ತಾರೆ. ಹಳ್ಳ, ದಾರಿ, ಬಂಡೆ, ಕಲ್ಲುಗುಂಪು ಎಲ್ಲ ಆ ಲೆಕ್ಕಕ್ಕೆ. ಮೂರು ಸಾವಿರ ವರ್ಷದ ಗೋರಿಯೂ ಅದರಲ್ಲೇ ಹೋಗುತ್ತದೆ. ಗಣಿ ಗುತ್ತಿಗೆಗೆ ಅರ್ಜಿ ಬಿದ್ದಾಗ ಕಚೇರಿಯವರು ತೆಗೆದು ನೋಡುವುದು ಇದೇ ಕಾಗದ. ಬಿತ್ತನೆ ಇಲ್ಲ, ಮನೆ ಇಲ್ಲ, ಬರೀ ಕಲ್ಲು. ಕೊಡಲು ಅಡ್ಡಿ ಏನು? ಕಾಯ್ದೆಯ ರಕ್ಷಣೆ ಇರುವುದು ಸರ್ಕಾರ ಘೋಷಿಸಿದ ಸ್ಮಾರಕಕ್ಕೆ ಮಾತ್ರ. ಘೋಷಣೆಯಾಗದ ಕಲ್ಲು ಒಡೆದರೆ ಅದು ಅಪರಾಧವೂ ಅಲ್ಲ, ಸುದ್ದಿಯೂ ಅಲ್ಲ. ಉಳಿಯ ಬೆಣೆ ಇಳಿಸಲು ಬಂಡೆಯ ಮೇಲೆ ಗೆರೆ ಹಿಡಿದು ಕೊರೆದ ಸಣ್ಣ ಸಣ್ಣ ಗುಳಿಗಳನ್ನು ನೋಡಿದ್ದೀರಾ? ಒಂದು ಗೇಣಿಗೆ ಎರಡು–ಮೂರು. ಬೆಳಿಗ್ಗೆ ಗುಳಿ ಬಿದ್ದರೆ ಸಂಜೆಗೆ ಕಲ್ಲು ಎರಡು ಹೋಳು. ಮರುದಿನ ಖಡಿ ಮಷಿನ್. ಮುಂದಿನ ವಾರ ಪಾದಯಾತ್ರಿಗಳ ಕಾಲ ಕೆಳಗೆ.

ಬಳ್ಳಾರಿ ಹತ್ತಿರದ ಕಪ್ಪಗಲ್ಲು ಗುಡ್ಡದಲ್ಲಿ ಕುಟ್ಟಿ ಬಿಡಿಸಿದ ಗೂಳಿಗಳ ಚಿತ್ರ, ಬಡಿದರೆ ಗಂಟೆಯಂತೆ ಮೊಳಗುವ ಬಂಡೆಗಳು ಇವೆ. ಕ್ವಾರಿಯವರು ಅವಕ್ಕೂ ಕೈ ಹಾಕಿದ್ದಾರೆ ಎಂದು 2004ರಲ್ಲಿ ಹೊರದೇಶದ ವಿದ್ವಾಂಸರು ಬೊಬ್ಬೆ ಹೊಡೆಯಬೇಕಾಯಿತು. ಲಂಡನ್ನಿನಲ್ಲಿ ಸುದ್ದಿಯಾದ ಮೇಲೆ ನಮ್ಮಲ್ಲಿ ಸುದ್ದಿ.

ಆಸ್ಟ್ರೇಲಿಯಾದಲ್ಲೂ ಒಡೆದರು. 2020ರ ಮೇ ತಿಂಗಳಲ್ಲಿ ರಿಯೊ ಟಿಂಟೊ ಕಂಪನಿ ಕಬ್ಬಿಣದ ಅದಿರಿಗಾಗಿ ಜೂಕನ್ ಕಣಿವೆಯಲ್ಲಿ 46 ಸಾವಿರ ವರ್ಷದ ಜನವಾಸದ ಗವಿಗಳನ್ನು ಸಿಡಿಮದ್ದು ಇಟ್ಟು ಹಾರಿಸಿತು. ಅಲ್ಲಿಯ ಮೂಲನಿವಾಸಿಗಳು ಬೀದಿಗೆ ಬಂದರು, ಸಂಸತ್ತು ವಿಚಾರಣೆ ಮಾಡಿತು, ಕಂಪನಿಯ ಮುಖ್ಯಸ್ಥ ಕುರ್ಚಿ ಬಿಡಬೇಕಾಯಿತು. ಹೋದ ಗವಿ ಬರಲಿಲ್ಲ, ಸರಿ. ಆದರೆ ಒಬ್ಬನಾದರೂ ಉತ್ತರ ಕೊಟ್ಟ. ನಮ್ಮಲ್ಲಿ ಒಬ್ಬ ಗುಮಾಸ್ತನ ವರ್ಗಾವಣೆಯೂ ಆಗುವುದಿಲ್ಲ.

ಘೋಷಿತ ಸ್ಮಾರಕಗಳಾದರೂ ಸುರಕ್ಷಿತವೇ? ಭಾರತೀಯ ಪುರಾತತ್ವ ಸರ್ವೇಕ್ಷಣೆಯ ಕೈಯಲ್ಲಿ 3,693 ಸ್ಮಾರಕಗಳಿದ್ದವು. ಕಾವಲುಗಾರರು ಇದ್ದದ್ದು 248 ಕಡೆ ಮಾತ್ರ. ಇದು ಸರ್ಕಾರವೇ ಸಂಸದೀಯ ಸಮಿತಿಯ ಮುಂದೆ ಒಪ್ಪಿಕೊಂಡ ಲೆಕ್ಕ. 2013ರಲ್ಲಿ ಸಿಎಜಿ ತಂಡ ಹುಡುಕಿದಾಗ 92 ಸ್ಮಾರಕಗಳು ಇರಬೇಕಾದ ಜಾಗದಲ್ಲಿ ಇರಲಿಲ್ಲ. ಕೆಲವು ಆಮೇಲೆ ಸಿಕ್ಕವು. ಸಿಗದವುಗಳಲ್ಲಿ 18ನ್ನು 2024ರಲ್ಲಿ ಪಟ್ಟಿಯಿಂದಲೇ ತೆಗೆದರು. ಅದರಲ್ಲಿ ಒಂದು ಫರೀದಾಬಾದ್ ಬಳಿಯ ಕೋಸ್ ಮಿನಾರ್, ನಡೆದು ಹೋಗುವವರಿಗೆ ದಾರಿಯ ಅಂತರ ತೋರಿಸಲು ಮೊಗಲರು ಕಟ್ಟಿಸಿದ್ದ ಕಂಬ. ಕಳ್ಳತನವಾದ ಮನೆಯವರು ಸಾಮಾನಿನ ಪಟ್ಟಿಯನ್ನೇ ತಿದ್ದಿ ‘ನಮ್ಮಲ್ಲಿ ಕಳುವೇ ಆಗಿಲ್ಲ’ ಅಂದ ಹಾಗಾಯಿತು.

ಇಲ್ಲಿ ಒಬ್ಬರು ಎದ್ದು ನಿಂತು ಸ್ಥಾವರ–ಜಂಗಮದ ವಚನ ಹೇಳುತ್ತಾರೆ. ಕಲ್ಯಾಣದಲ್ಲಿ ಸ್ಮಾರಕದ ಮಾತೆತ್ತಿದರೆ ಇದು ತಪ್ಪಿದ್ದಲ್ಲ. ಶರಣರು ಕಲ್ಲನ್ನು ಬಿಟ್ಟರು, ನೀವು ಕಲ್ಲಿಗಾಗಿ ಅಳುತ್ತೀರಲ್ಲ ಎಂದು. ಸ್ವಾಮಿ, ಬಸವಣ್ಣ ಉಳ್ಳವರ ಗುಡಿ ಕಟ್ಟುವ ಸೊಕ್ಕನ್ನು ಒಪ್ಪಲಿಲ್ಲ. ಇದ್ದದ್ದನ್ನು ಒಡೆದು ಖಡಿ ಮಾಡಿ ಮಾರಿರಿ ಎಂದು ಯಾವ ವಚನದಲ್ಲಿ ಹೇಳಿದ್ದಾನೆ? ಆ ವಚನ ಹೇಳುವವರೇ 108 ಅಡಿ ಸಿಮೆಂಟಿನ ಬಸವಣ್ಣನ ಮುಂದೆ ಸೆಲ್ಫಿ ತೆಗೆಸಿಕೊಳ್ಳುವವರು. 2021ರ ಜನವರಿ 6ರಂದು ಹೊಸ ಅನುಭವ ಮಂಟಪಕ್ಕೆ ಅಡಿಗಲ್ಲು ಬಿತ್ತು. 500 ಕೋಟಿಯ ಯೋಜನೆ, 770 ಕಂಬಗಳ ಕಟ್ಟಡ ಅಂದರು. ಕಟ್ಟಲಿ, ಬೇಡವೆನ್ನುವುದಿಲ್ಲ, ಜಾತಿ ಕೇಳದೆ ಎಲ್ಲರನ್ನೂ ಕೂಡಿಸಿದ ಊರಿಗೆ ಅಂಥ ಜಾಗ ಬೇಕು. ಆ 500 ಕೋಟಿಯ ಬಾಜೂಕೆ ಒಂದೇ ಒಂದು ಕೋಟಿ ಇಟ್ಟು ಕಲ್ಯಾಣ, ಹುಮನಾಬಾದ್ ಎರಡೂ ತಾಲ್ಲೂಕಿನ ಪ್ರತಿ ಊರಿನ ಪ್ರತಿ ಹಳೆಯ ಕಲ್ಲನ್ನು ಫೋಟೋ ತೆಗೆದು, ಅಳೆದು, ಪಟ್ಟಿ ಮಾಡಿಸಲು ಏನು ಧಾಡಿ? 2019ರಲ್ಲಿ ಹೈದರಾಬಾದ್ ಕರ್ನಾಟಕದ ಬೋರ್ಡು ಅಳಿಸಿ ಕಲ್ಯಾಣ ಕರ್ನಾಟಕ ಎಂದು ಬರೆದರು. ಬೋರ್ಡು ಬರೆದ ಬಣ್ಣದಲ್ಲಿ ಉಳಿದದ್ದನ್ನೇ ವೀರಗಲ್ಲಿಗೆ ಹೊಡೆದಿರಬೇಕು.

ರೈತರನ್ನು ಬೈಯುವುದು ಸುಲಭ, ನಾನು ಬೈಯಲಾರೆ. ಹೊಲದ ನಡುವೆ ಇಂಥ ಕಲ್ಲುಗುಂಪು ಇಟ್ಟುಕೊಂಡ ಒಬ್ಬ ಹಿರಿಯರಿಗೆ ‘ಕಾಕಾ, ಇದನ್ನ ಒಡಿಬ್ಯಾಡ್ರಿ’ ಅಂದೆ. ಅವರು ನಕ್ಕರು. ‘ತಮ್ಮಾ, ಒಡಿಲಿಲ್ಲಂದ್ರ ಕುಂಟಿ ಹೊಡೀಲಾಕ ಬರಂಗಿಲ್ಲ. ಸರ್ಕಾರದವ್ರಿಗಿ ಹೇಳಿದ್ರ ತಂತಿ ಬೇಲಿ ಹಾಕಿ ಹೊಲಾನೇ ಹಿಡಿತಾರ. ನೀನೇ ಹೇಳು, ನಾ ಏನ್ ಮಾಡ್ಲಿ?’ ಅವರ ಮಾತಿನಲ್ಲಿ ಸುಳ್ಳೇನಿದೆ? ಸ್ಮಾರಕ ಕಾಯ್ದೆಗೆ 2010ರ ತಿದ್ದುಪಡಿ ಆದ ಮೇಲೆ ಕೇಂದ್ರದ ಸ್ಮಾರಕದಿಂದ 100 ಮೀಟರ್ ಒಳಗೆ ಕಟ್ಟುವಂತಿಲ್ಲ. ಅದರಾಚೆ 200 ಮೀಟರ್ ಒಳಗೆ ಕಟ್ಟಬೇಕಾದರೆ ಅಪ್ಪಣೆ ಬೇಕು. ಮಗನಿಗೊಂದು ಖೋಲಿ ಕಟ್ಟಿಕೊಡಬೇಕೆಂದ ಬಡವನಿಗೆ ಆ ಕಲ್ಲು ಪರಂಪರೆಯಾಗಿ ಕಾಣುವುದಿಲ್ಲ, ಪೀಡೆಯಾಗಿ ಕಾಣುತ್ತದೆ. ಘೋಷಣೆಯ ಸುದ್ದಿ ಹಬ್ಬಿದರೆ ಸಾಕು, ರಾತ್ರೋರಾತ್ರಿ ಜೆಸಿಬಿ ಬರುತ್ತದೆ. ನಿಧಿ ಇದೆ ಎಂದು ಅಮಾವಾಸ್ಯೆಗೆ ಲಿಂಬೆಹಣ್ಣು ಹಿಡಿದು ಬರುವ ಖದೀಮರು ಬೇರೆ. ಮೋರೇರ ಮನೆಯೊಳಗೆ ಬಂಗಾರ ಎಲ್ಲಿಂದ ಬರಬೇಕು? ಅಲ್ಲಿರುವುದು ಮಡಕೆ ಚೂರು, ಎಲುಬು, ತುಕ್ಕು ಹಿಡಿದ ಕಬ್ಬಿಣ.

ಹೊಲದ ಮೂಲೆಯ ನಾಲ್ಕು ಗುಂಟೆಯನ್ನು ಕಲ್ಲಿಗೆ ಬಿಟ್ಟ ರೈತನಿಗೆ ವರ್ಷವರ್ಷ ಬಾಡಿಗೆ ಕೊಡಿ. ಮೊಬೈಲ್ ಟವರ್ ನಿಲ್ಲಿಸಿದವನಿಗೆ ಕಂಪನಿ ಕೊಡುವುದಿಲ್ಲವೇ? ಅವನನ್ನೇ ಕಾವಲುಗಾರ ಮಾಡಿ, ಪಗಾರ ಕೊಡಿ. ಬೆಂಗಳೂರಿನಿಂದ ಯಾರೂ ಬಂದು ಕಾಯುವುದಿಲ್ಲ. ಸ್ಪೇನಿನಲ್ಲಿ ಸಾಂತಿಯಾಗೋಗೆ ನಡೆದು ಹೋಗುವ ದಾರಿಯನ್ನೇ 1993ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದರು. ದಾರಿ, ದಾರಿಯ ಊರು, ಊರಿನ ಕಲ್ಲು ಎಲ್ಲ ಒಟ್ಟಿಗೆ. ತುಳಜಾಪುರದ ದಾರಿ, ಶ್ರೀಶೈಲದ ದಾರಿ ಅದಕ್ಕಿಂತ ಕಡಿಮೆ ಜನ ನಡೆದ ದಾರಿಗಳೇನಲ್ಲ. ಕೃಷ್ಣೆಯ ದಂಡೆಯ ಮುಡುಮಾಲ್ ನಿಲುವುಗಲ್ಲುಗಳನ್ನು ತೆಲಂಗಾಣದವರು 2025ರಲ್ಲಿ ಯುನೆಸ್ಕೋದ ತಾತ್ಕಾಲಿಕ ಪಟ್ಟಿಗೆ ಮುಟ್ಟಿಸಿದರು. ನಮ್ಮ ಹಿರೇಬೆಣಕಲ್ 2021ರಲ್ಲೇ ಆ ಪಟ್ಟಿ ಸೇರಿದೆ. ರಾಜನಕೋಳೂರು, ವಿಭೂತಿಹಳ್ಳಿ, ಇಸಾಂಪುರಗಳ ಪರವಾಗಿ ಮಾತಾಡುವವರು ವಿಧಾನಸಭೆಯಲ್ಲಿ ಯಾರಿದ್ದಾರೆ? ಕಲ್ಲಿಗೆ ಓಟಿಲ್ಲ ಎಂಬುದು ಅವರಿಗೆ ಚೆನ್ನಾಗಿ ಗೊತ್ತು. ಓಟಿರುವ ನಾವಾದರೂ ಕೇಳಿದ್ದೇವೆಯೇ?

ಹಾಗಾಗಿ ಬೀದರಿನಿಂದ ಯಾದಗಿರಿವರೆಗೆ ಪ್ರತಿ ಗ್ರಾಮಸಭೆಯಲ್ಲೂ ಇಷ್ಟನ್ನು ಠರಾವಿಗೆ ಹಾಕಿಸಬೇಕು: ಊರ ಸೀಮೆಯ ಪ್ರತಿ ಶಾಸನ, ವೀರಗಲ್ಲು, ಗೋರಿಗಲ್ಲು, ನಿಲುವುಗಲ್ಲು ಸರ್ವೆ ನಂಬರ್ ಸಮೇತ ಪಂಚಾಯಿತಿ ರಿಜಿಸ್ಟರಿನಲ್ಲಿ ಏರಬೇಕು, ಪಹಣಿಯ ಷರಾದಲ್ಲಿ ನಮೂದಾಗಬೇಕು. ಆ ನಂಬರಿನ ಮೇಲೆ ಗಣಿ, ರಸ್ತೆ, ಲೇಔಟ್ ಏನೇ ಅರ್ಜಿ ಬಂದರೂ ಸ್ಥಳಕ್ಕೆ ಬಂದು, ಕಲ್ಲು ಕಣ್ಣಾರೆ ನೋಡಿ, ಸಹಿ ಮಾಡುವ ಅಧಿಕಾರಿ ಯಾರೆಂದು ಹೆಸರು ಹಿಡಿದು ಬರೆಯಬೇಕು. ಗುಡಿ ಜೀರ್ಣೋದ್ಧಾರಕ್ಕೆ ಪಟ್ಟಿ ಎತ್ತುವ ಕಮಿಟಿಯವರು ಬಣ್ಣದ ಡಬ್ಬಿ ತೆರೆಯುವ ಮುಂಚೆ ಶಾಸನದ ಪಡಿಯಚ್ಚು ತೆಗೆಸಿರಬೇಕು. ಪಂಚಾಯಿತಿ ಕಾರ್ಯದರ್ಶಿ ‘ಇದು ನಮ್ಮ ವ್ಯಾಪ್ತಿಗೆ ಬರೋದಿಲ್ರಿ’ ಅನ್ನುತ್ತಾರೆ. ಅದನ್ನೇ ಬರೆದು ಕೊಡಿ ಅನ್ನಿ, ಸಹಿ ಬೀಳುವವರೆಗೆ ಕುರ್ಚಿಯಿಂದ ಏಳಬೇಡಿ.